ಮೂಗಿನ ಮೇಲೊಂದು ನಂಬರ್ ಪ್ಲೇಟ್

ಮಾರ್ಚ್ 3, ಮಂಗಳವಾರ

ಹಲ್ಲು ಕಟ್ಟುವ ಕೆಲಸದ ಈ ಆರ್ಡರ್ ಪುಸ್ತಕದಲ್ಲಿ ಇನ್ನೂ ಅರ್ಧ ಹಾಳೆಗಳು ಖಾಲಿ ಇವೆ. ಇಪ್ಪತ್ತಾರು ವರ್ಷ ಇಂಥ ಪುಸ್ತಕಗಳಲ್ಲಿ ‘ಮೇಲಿನ ಸೆಟ್ಟು, ಬಣ್ಣ ಸ್ವಲ್ಪ ಹಳದಿ’, ‘ಕೆಳಗೆ ಎರಡು ಹಲ್ಲು, ತಂತಿ ಬಿಗಿ ಮಾಡಬೇಕು’ ಅಂತ ಬರೆಯುತ್ತಾ ಬಂದೆ. ಹಲ್ಲಿನ ಡಾಕ್ಟರು ಹೊಸ ಮೆಷಿನ್ ತರಿಸಿದ ಮೇಲೆ ಕಟ್ಟುವ ಹಲ್ಲೆಲ್ಲ ಅದರಲ್ಲೇ ತಯಾರಾಗುತ್ತಿವೆ. ಡಿಸೆಂಬರ್‌ನಿಂದ ಒಂದು ಹಲ್ಲೂ ನನ್ನ ಮೇಜಿಗೆ ಬಂದಿಲ್ಲ. ಹಾಳೆ ದಂಡವಾಗುವುದು ಬೇಡ, ಮನೆ ಸುದ್ದಿಯನ್ನಾದರೂ ಬರೆಯೋಣ.

ಇವತ್ತಿನ ಸುದ್ದಿ ಮಗಳಿಗೆ ಬಂದ ನೋಟಿಸು. ಒಂದೂವರೆ ತಿಂಗಳ ಹಿಂದೆ ಅವಳೊಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದಳು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡ ಹಾಗಿದೆ, ಬಣ್ಣ ಕಡು ಹಸಿರು. ಹಗಲಿಡೀ ಆಂಬುಲೆನ್ಸ್ ಓಡಿಸುವವಳಿಗೆ ಮನೆಗೆ ಬಂದಮೇಲೂ ಸ್ಟಿಯರಿಂಗೇ ಬೇಕು! ಆ ಕಾರಿನ ಮುಂದೆ ನಂಬರ್ ಪ್ಲೇಟ್ ಹಾಕಲು ಜಾಗವೇ ಇಲ್ಲ. ಮೊದಲಿನ ಮಾಲೀಕ ಇದ್ದ ದೇಶದಲ್ಲಿ ಹಿಂದೆ ಒಂದಿದ್ದರೆ ಸಾಕಿತ್ತಂತೆ. ಇಲ್ಲಿ ಎರಡೂ ಬೇಕು. ಇವಳು ಅಂಟು ಟೇಪಿನಲ್ಲಿ ಅಂಟಿಸಿಕೊಂಡು ಓಡಾಡಿದಳು, ಎರಡು ಸಲ ಅದು ಬಿದ್ದುಹೋಯಿತು, ಎರಡು ಸಲವೂ ಪೊಲೀಸರ ಕೈಗೆ ಸಿಕ್ಕಿಬಿದ್ದಳು. ಈಗ ನೋಟಿಸು: ಇಪ್ಪತ್ನಾಲ್ಕನೇ ತಾರೀಕು ವಾಹನ ತಪಾಸಣೆ ಅಂಗಳಕ್ಕೆ ಕಾರು ತರಬೇಕು. ಮುಂದಿನ ಪ್ಲೇಟ್ ಭದ್ರವಾಗಿರದಿದ್ದರೆ ಲೈಸೆನ್ಸ್ ಆರು ತಿಂಗಳು ಅಮಾನತು. ಲೈಸೆನ್ಸ್ ಹೋದರೆ ಆಂಬುಲೆನ್ಸ್ ಕೆಲಸವೂ ಹೋಯಿತು.

“ಹಾಗಿದ್ರೆ ಕಾರು ಮಾರಿಬಿಡು” ಅಂದೆ.

“ಮಾರಿದ್ರೂ ನೋಟಿಸು ನನ್ನ ಹೆಸರಲ್ಲೇ ಇರುತ್ತೆ ಅಮ್ಮ. ಕಾರು ತಂದು ತೋರಿಸ್ಲೇಬೇಕು” ಅಂದಳು.

ಆಂಬುಲೆನ್ಸ್ ಬಿಟ್ಟರೆ ಆಸ್ಪತ್ರೆಯಲ್ಲೇ ಫೋನ್ ಎತ್ತುವ ಕೆಲಸ ಕೊಡುತ್ತಾರಂತೆ. ಕುರ್ಚಿ, ಫ್ಯಾನು, ಹೊತ್ತಿಗೆ ಸರಿಯಾಗಿ ಊಟ. ಅದೇನು ಕೆಟ್ಟ ಕೆಲಸವೇ? ಹೋದ ವರ್ಷ ಅವಳ ಜೊತೆಯ ಡ್ರೈವರ್ ಒಬ್ಬ ಸಿಗ್ನಲ್ ದಾಟುವಾಗ ಲಾರಿಗೆ ಸಿಕ್ಕಿ ಕಾಲು ಕಳೆದುಕೊಂಡ. ಆವತ್ತಿನಿಂದ ದೂರದಲ್ಲಿ ಸೈರನ್ ಕೇಳಿದರೂ ನನ್ನ ಕೈ ನಿಂತುಬಿಡುತ್ತದೆ. ಇದನ್ನೆಲ್ಲ ಅವಳ ಮುಂದೆ ಹೇಳಲಿಲ್ಲ.

ಮಾರ್ಚ್ 4, ಬುಧವಾರ

ಮೂಲೆಮನೆ ಗ್ಯಾರೇಜಿನವನನ್ನು ಮಗಳು ಕರೆತಂದಳು. ಏನೇ ಕೇಳಿದರೂ ಮೊದಲು ‘ಉಶ್’ ಅಂತ ಉಸಿರು ಬಿಟ್ಟು ಆಮೇಲೆ ಮಾತಾಡುತ್ತಾನೆ, ಅದಕ್ಕೇ ಬೀದಿಗೆಲ್ಲ ಅವನು ಉಶ್ಶಣ್ಣ. ಬೀದಿಗೆ ನಾನು ಹಲ್ಲಕ್ಕ. ಅವನ ಬಾಯಲ್ಲಿರುವ ಮೂರು ಹಲ್ಲು ನಾನು ಮಾಡಿದ್ದು, ಹಾಗಾಗಿ ನನ್ನೆದುರು ಸ್ವಲ್ಪ ಮರ್ಯಾದೆಯಿಂದಲೇ ಬಾಯಿ ತೆರೆಯುತ್ತಾನೆ.

“ಉಶ್. ಹಲ್ಲಕ್ಕ, ಇದಕ್ಕೆ ಡ್ರಿಲ್ ಹಾಕಿದ್ರೆ ಕತೆ ಮುಗೀತು. ಬಂಪರ್ ಪ್ಲಾಸ್ಟಿಕ್ ಹಳೇದಾಗಿ ಒಣಗಿಹೋಗಿದೆ. ಒಂದು ತೂತು ಕೊರೆದ್ರೆ ಈ ಕಡೆಯಿಂದ ಆ ಕಡೆವರೆಗೂ ಬಿರುಕು ಬಿಡುತ್ತೆ. ಹಿಂದೆನೇ ರೇಡಿಯೇಟರ್ ಬೇರೆ ಇದೆ.”

“ಮತ್ತೆ ಹೇಗಪ್ಪ ಕೂರಿಸೋದು?”

“ಅದು ನಂಗೊತ್ತಿದ್ರೆ ಉಶ್ ಅಂತಿದ್ನಾ?”

ಅವನು ಹೋದ ಮೇಲೆ ಸುಮ್ಮನೆ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತೆ. ಒಂದೂವರೆ ತಿಂಗಳಿಂದ ಬಾಗಿಲಲ್ಲೇ ನಿಂತಿದ್ದರೂ ಅದರ ಮುಖವನ್ನು ನಾನು ಸರಿಯಾಗಿ ನೋಡಿರಲೇ ಇಲ್ಲ. ಎಲ್ಲೂ ಚಪ್ಪಟೆ ಜಾಗವಿಲ್ಲ. ಮೂಗು ಮುಂದಕ್ಕೆ ಬಂದು ಕೆಳಗೆ ಬಾಗಿ ಒಳಗೆ ಸರಿದಿದೆ. ಕೆಳಗೆ ಅಗಲವಾದ ಜಾಲರಿ, ಜಾಲರಿಗೆ ಅಡ್ಡ ಕಂಬಿಗಳು. ಬೆರಳಾಡಿಸುತ್ತಾ ಹೋದರೆ ಕೆಲವು ವಯಸ್ಸಾದವರ ಅಂಗುಳ ನೆನಪಾಯಿತು. ಅಲ್ಲೂ ಮೊಳೆ ಹೊಡೆಯುವ ಹಾಗಿಲ್ಲ, ಅಂಟು ಹಾಕುವ ಹಾಗಿಲ್ಲ, ಆದರೂ ಸೆಟ್ಟು ಕೂರಬೇಕು. ನಾನು ಕೂರಿಸಿದ್ದೇನೆ, ಒಂದೆರಡಲ್ಲ, ಸಾವಿರಾರು. ಕಾರಿಗೂ ಅಚ್ಚು ತೆಗೆದರೆ ಏನಾಗುತ್ತದೆ?

ಮಾರ್ಚ್ 7, ಶನಿವಾರ

ಅಚ್ಚು ತೆಗೆದೆ!

ಬಾಯಿಯ ಅಚ್ಚು ತೆಗೆಯುವ ಪುಡಿ ನನ್ನ ಹತ್ತಿರ ನಾಲ್ಕು ಡಬ್ಬ ಉಳಿದಿತ್ತು. ನೀರು ಬೆರೆಸಿದರೆ ಎರಡೇ ನಿಮಿಷ, ಅಷ್ಟರಲ್ಲಿ ಗಟ್ಟಿಯಾಗಿಬಿಡುತ್ತದೆ. ಒಂದು ಬಾಯಿಗೆ ಎರಡು ಚಮಚ ಸಾಕು, ಈ ಮೂಗಿಗೆ ಎಂಟು ಬಟ್ಟಲು ಬೇಕಾಯಿತು. ಬಟ್ಟೆ ಒಗೆಯುವ ಪ್ಲಾಸ್ಟಿಕ್ ಟಬ್ಬನ್ನು ಉದ್ದಕ್ಕೆ ಸೀಳಿ ತಟ್ಟೆ ಮಾಡಿಕೊಂಡೆ. ಮೂಗಿಗೆ ವ್ಯಾಸಲಿನ್ ಹಚ್ಚಿದೆ. ಮಗಳು ಕಲಸುವುದು, ನಾನು ತುಂಬುವುದು, ಯಜಮಾನರು ಗಡಿಯಾರ ಹಿಡಿದು ಕೂಗುವುದು. ಅವರು ಕೂಗಿದ್ದು ಮುಂದಿನ ಬೀದಿಗೂ ಕೇಳಿಸಿರಬೇಕು.

“ಒಂದು ನಿಮಿಷ! ಒಂದೂಕಾಲು! ಲೇ, ಗಟ್ಟಿ ಆಗ್ತಾ ಇದೆ ಕಣೇ!”

“ಕಿರುಚ್ಬೇಡಿ, ಇದೇನು ಹೆರಿಗೆ ಅಲ್ಲ!”

ಎದುರುಮನೆಯವರು ಕಸ ಹಾಕುವ ನೆಪದಲ್ಲಿ ಎರಡು ಸಲ ಹೊರಗೆ ಬಂದು ಹೋದರು. ಕಾರಿಗೆ ಹಲ್ಲು ಕಟ್ಟುತ್ತಿದ್ದೇನೆ ಅಂತ ನಾನೇ ಹೇಳಿಬಿಟ್ಟೆ. ನಗಲೋ ಬೇಡವೋ ಅಂತ ಗೊತ್ತಾಗದೆ ಒಳಗೆ ಹೋದರು.

ತಟ್ಟೆ ಎಳೆದಾಗ ಪಚಕ್ ಅಂತ ಬಿಟ್ಟುಕೊಂಡಿತು. ಒಳಗೆ ಮೂಗಿನ ಪ್ರತಿಯೊಂದು ಗೆರೆಯೂ ಇತ್ತು. ಯಾವತ್ತೋ ಕಲ್ಲು ಸಿಡಿದು ಆದ ಚುಕ್ಕೆಗಳು, ಜಾಲರಿಯ ಮೂರು ಕಂಬಿ, ಎಡಗಡೆ ಒಂದು ದುಂಡನೆ ಗೆರೆ. ಅಂಥ ಚೆಂದದ ಅಚ್ಚು ನಾನು ಈಚೆಗೆ ತೆಗೆದೇ ಇರಲಿಲ್ಲ. ಪ್ಲಾಸ್ಟರ್ ಸುರಿದು ಮೇಜಿನ ಮೇಲಿಟ್ಟಿದ್ದೇನೆ. ಮೇಜು ತುಂಬ ಹಸಿರು ಕಾರಿನ ಬಿಳಿ ಮೂಗು.

ಮಾರ್ಚ್ 11, ಬುಧವಾರ

ಪ್ಲೇಟ್ ತಯಾರು. ಪ್ಲಾಸ್ಟರ್ ಮೂಗಿನ ಮೇಲೆ ಮೇಣದಲ್ಲಿ ತಿದ್ದಿ, ಅಕ್ರಿಲಿಕ್‌ನಲ್ಲಿ ಒಂದು ತಳ ಮಾಡಿದೆ. ನನ್ನ ಹತ್ತಿರ ಒಸಡಿನ ಗುಲಾಬಿ ಬಣ್ಣದ ಅಕ್ರಿಲಿಕ್ ಬಿಟ್ಟು ಬೇರೆ ಇಲ್ಲ, ಅದೇ ಆಯಿತು. ಅದರ ಮೇಲೆ ನಂಬರ್ ಪ್ಲೇಟ್. ತಳದಿಂದ ಎರಡು ಸ್ಟೀಲ್ ತಂತಿ ಹೊರಟು ಜಾಲರಿಯ ಕಂಬಿಗಳನ್ನು ಹಿಡಿಯುತ್ತವೆ, ಬಿಡಿ ಹಲ್ಲು ಕಟ್ಟುವಾಗ ಪಕ್ಕದ ಹಲ್ಲಿಗೆ ಕೊಕ್ಕೆ ಹಾಕುವ ಹಾಗೆ. ಒತ್ತಿದೆ. ಟಕ್ ಅಂತ ಕೂತಿತು.

ಮಗಳು ಕುಣಿದಾಡಿಬಿಟ್ಟಳು. “ಅಮ್ಮ, ನೀನು ಎಂಥ ಜನ!” ಅಂತ ನನ್ನ ಕೆನ್ನೆ ಹಿಂಡಿದಳು.

“ಓಡಿಸ್ಬಹುದಾ?” ಅಂತ ಕೇಳಿದಳು. ಸರಿಯಾಗಿದೆ, ಓಡಿಸು ಅಂದೆ. ಬಿಸಿಲು ಜೋರಾಗಿತ್ತು, ಸೊಂಟ ಹಿಡಿದುಕೊಂಡಿತ್ತು. ಒಳಗೆ ಬಂದು ಮಲಗಿದೆ.

ಮಾರ್ಚ್ 12, ಗುರುವಾರ

ಇವತ್ತು ಬರೆಯುವಂಥದ್ದೇನೂ ಇಲ್ಲ. ಮಗಳಿಗೆ ಮೂರು ಸಲ ಫೋನ್ ಮಾಡಿದೆ. ಮೂರನೇ ಸಲ “ಏನಮ್ಮ, ಏನಾದ್ರೂ ಆಗ್ಬೇಕಿತ್ತಾ?” ಅಂದಳು.

ಮಾರ್ಚ್ 13, ಶುಕ್ರವಾರ

ಬಿತ್ತು.

ಹೊರವರ್ತುಲ ರಸ್ತೆಯಲ್ಲಿ ಸ್ವಲ್ಪ ವೇಗ ಹಿಡಿದಾಗ ಕಾರಿನ ಕೆಳಗೆ ಏನೋ ಕಟಕಟ ಅಂದಿತಂತೆ. ನಿಲ್ಲಿಸಿ ನೋಡಿದರೆ ಮೂಗು ಬೋಳು. ಪೊಲೀಸರ ಕಣ್ಣಿಗೆ ಬೀಳಲಿಲ್ಲ, ಪುಣ್ಯ. ಇಪ್ಪತ್ತು ನಿಮಿಷ ವಾಪಸು ನಡೆದು ಹೋಗಿ ರಸ್ತೆ ಪಕ್ಕದ ಪೊದೆಯಲ್ಲಿ ಹುಡುಕಿ ತಂದಿದ್ದಾಳೆ. ತಂತಿ ಎರಡೂ ಬಾಯಿಬಿಟ್ಟಿದ್ದವು.

ಅವಳು ರೇಗಲಿಲ್ಲ. ಪ್ಲೇಟನ್ನು ನನ್ನ ಮೇಜಿನ ಮೇಲಿಟ್ಟು, “ಅಮ್ಮ, ನೀನು ಇದನ್ನ ಅಲ್ಲಾಡಿಸಿ ನೋಡಿದ್ಯಾ?” ಅಂತ ಕೇಳಿದಳು.

“ಹೂಂ” ಅಂದೆ. ಕೈಯಲ್ಲಿ ಹಲ್ಲು ಉಜ್ಜಿ ನಯ ಮಾಡುವ ಅರ ಇತ್ತು, ಅದನ್ನು ಒರೆಸುತ್ತಿದ್ದೆ.

“ಇನ್ನೊಂದ್ಸಲ ಮಾಡ್ತೀಯಾ?”

ಅದಕ್ಕೂ ಹೂಂ ಅಂದೆ.

ಮಾರ್ಚ್ 14, ಶನಿವಾರ

ಅಲ್ಲಾಡಿಸಿ ನೋಡಿರಲಿಲ್ಲ.

ಇಪ್ಪತ್ತಾರು ವರ್ಷದಲ್ಲಿ ಒಂದು ಸೆಟ್ಟನ್ನೂ ನಾನು ಹಾಗೆ ಕಳಿಸಿದವಳಲ್ಲ. ಡಾಕ್ಟರ ಕುರ್ಚಿ ಪಕ್ಕದಲ್ಲೇ ನಿಂತು, ಹಲ್ಲು ಹಾಕಿಸಿಕೊಂಡವರನ್ನು ಮಾತಾಡಿಸುತ್ತಿದ್ದೆ, ನಗಿಸುತ್ತಿದ್ದೆ, ಸೇಬು ಕಚ್ಚಿಸುತ್ತಿದ್ದೆ. ಸುಮ್ಮನಿರುವ ಬಾಯಲ್ಲಿ ಯಾವ ಸೆಟ್ಟು ಬೇಕಾದರೂ ಕೂರುತ್ತದೆ. ಬಾಯಿ ಆಡಿದಾಗ ತಾನೇ ಗೊತ್ತಾಗುವುದು! ನಿಂತ ಕಾರಿನ ಅಚ್ಚು ತೆಗೆದು, ನಿಂತ ಕಾರಿಗೆ ಕೂರಿಸಿ, ಓಡಿಸು ಅಂದುಬಿಟ್ಟೆ. ಮರೆತು ಅಲ್ಲ. ಕೈ ಮುಂದೆ ಹೋಗಿತ್ತು, ಹಿಂದಕ್ಕೆ ತೆಗೆದುಕೊಂಡೆ.

ಬಿದ್ದರೆ ಬೀಳಲಿ ಅನ್ನಿಸಿತ್ತು. ಲೈಸೆನ್ಸ್ ಹೋದರೆ ಹೋಗಲಿ, ಮಗಳು ಕುರ್ಚಿಯಲ್ಲಿ ಕೂತು ಫೋನ್ ಎತ್ತಲಿ ಅನ್ನಿಸಿತ್ತು. ಅದು ಬಿದ್ದದ್ದು ಬೇರೆ ವಾಹನಗಳು ಓಡುವ ರಸ್ತೆಯಲ್ಲಿ. ಹಿಂದೆ ಬರುತ್ತಿದ್ದ ಯಾರ ಮುಖಕ್ಕಾದರೂ ಹಾರಿದ್ದರೆ? ನನ್ನ ಬಗ್ಗೆ ನನಗೇ ಹೇಸಿಗೆಯಾಗುತ್ತಿದೆ. ಇವತ್ತು ಊಟ ಸೇರಲಿಲ್ಲ. ಯಜಮಾನರು ಹಲ್ಲುನೋವಾ ಅಂತ ಕೇಳಿದರು.

ಮಾರ್ಚ್ 16, ಸೋಮವಾರ

ಇನ್ನು ಎಂಟು ದಿನ.

ಬೆಳಿಗ್ಗೆಯೇ ಮೋಟು ಸ್ಟೂಲು ಹಾಕಿಕೊಂಡು ಕಾರಿನ ಮುಂದೆ ಕೂತೆ. ತಂತಿ ಇನ್ನೂ ದಪ್ಪ ಹಾಕಿದರೆ? ಕಂಬಿಯೇ ಮುರಿಯುತ್ತದೆ. ಗಟ್ಟಿ ಹಿಡಿತ ಬೇಕೆಂದರೆ ಮೂಳೆಯಂಥದ್ದು ಏನಾದರೂ ಸಿಗಬೇಕು. ಪ್ಲಾಸ್ಟರ್ ಮೂಗನ್ನು ತಂದು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಗೆರೆ ಹೋಲಿಸಿದೆ. ಎಡಗಡೆಯ ಆ ದುಂಡನೆ ಗೆರೆ ಏನು? ಕಾರಿನ ಮೇಲೆ ಬಣ್ಣದಲ್ಲಿ ಬೆರೆತು ಕಾಣಿಸುವುದೇ ಇಲ್ಲ. ಉಗುರು ತೂರಿಸಿದೆ. ಪುಟಕ್ಕನೆ ಒಂದು ಮುಚ್ಚಳ ಈಚೆ ಬಂತು! ಒಳಗೆ ಹೆಬ್ಬೆರಳು ಗಾತ್ರದ ಕಬ್ಬಿಣದ ತೂತು, ಒಳಗೋಡೆಗೆ ಸ್ಕ್ರೂ ಸುತ್ತು. ಮುತ್ತು ಸಿಕ್ಕಿದವಳ ಹಾಗೆ ಕೂಗಿದೆ. ಯಜಮಾನರು ಚಪ್ಪಲಿ ಇಲ್ಲದೆ ಓಡಿಬಂದರು.

ಕರೆಸಿ ತೋರಿಸಿದರೆ ಉಶ್ಶಣ್ಣ ಹಣೆ ಚಚ್ಚಿಕೊಂಡ. “ಉಶ್! ಇದು ಎಳೆಯೋ ಕೊಕ್ಕೆ ಹಾಕೋ ತೂತು ಕಣಕ್ಕ. ಗಾಡಿ ಕೆಟ್ಟು ನಿಂತ್ರೆ ಇಲ್ಲಿ ಕೊಕ್ಕೆ ಹಾಕಿ ಹಗ್ಗ ಕಟ್ಟಿ ಎಳೀತಾರೆ. ಇಡೀ ಕಾರಿನ ಭಾರ ತಡೆಯುತ್ತೆ. ನನ್ನ ಕಣ್ಣಿಗೆ ಯಾಕೆ ಬೀಳ್ಲಿಲ್ಲ ಇದು?”

“ಮೂಳೆ ಸಿಕ್ತು” ಅಂದೆ. ಅವನಿಗೆ ಅರ್ಥವಾಗಲಿಲ್ಲ.

ಅವನು ಅಳತೆಯ ಬೋಲ್ಟ್ ಕೊಟ್ಟು ಹೋದ. ನಾನೂ ಯಜಮಾನರೂ ಮಧ್ಯಾಹ್ನವಿಡೀ ತಿರುಗಿಸಿದೆವು, ಹಿಡಿಯಲೇ ಇಲ್ಲ. ಬೋಲ್ಟ್ ತಪ್ಪು ಕೊಟ್ಟಿದ್ದಾನೆ ಅಂತ ಯಜಮಾನರು ಬೈದರು, ನಿಮ್ಮ ಕೈಯಲ್ಲಿ ಜೀವ ಇಲ್ಲ ಅಂತ ನಾನು ಬೈದೆ. ಸಂಜೆ ಮಗಳು ಪಾಳಿ ಮುಗಿಸಿ ಬಂದು, ನಮ್ಮಿಬ್ಬರನ್ನೂ ನೋಡಿ, ಎಡಕ್ಕೆ ತಿರುಗಿಸಿದಳು. ಸರಾಗವಾಗಿ ಒಳಗೆ ಹೋಯಿತು. ಈ ತೂತಿಗೆ ಸುತ್ತೇ ಉಲ್ಟಾ ಅಂತೆ! ಯಾಕೆ ಉಲ್ಟಾ ಮಾಡಿದರು? ಉಶ್ಶಣ್ಣನನ್ನು ಕೇಳಿದರೆ ಒಂದು ಹೇಳುತ್ತಾನೆ, ಮಗಳು ಇನ್ನೊಂದು ಹೇಳುತ್ತಾಳೆ. ನನಗೆ ಎರಡೂ ಒಪ್ಪಿಗೆಯಾಗಿಲ್ಲ.

ಮಾರ್ಚ್ 19, ಗುರುವಾರ

ಹಿಡಿತವೇನೋ ಸಿಕ್ಕಿತು, ಆದರೆ ಒಂದೇ ಬೋಲ್ಟ್. ಗಾಳಿ ಹೊಡೆದರೆ ಪ್ಲೇಟ್ ಫ್ಯಾನಿನ ಹಾಗೆ ತಿರುಗುತ್ತದೆ. ಉಶ್ಶಣ್ಣ ಬೋಲ್ಟಿಗೆ ಕಬ್ಬಿಣದ ಪಟ್ಟಿ ಬೆಸೆದು ಕೊಟ್ಟ. ಪಟ್ಟಿಯ ಹಿಂದೆ ಮೂಗಿನ ಬಾಗಿಗೆ ತಕ್ಕ ಗುಲಾಬಿ ತಳ ಹೊಸದಾಗಿ ಮಾಡಿದೆ. ಅದು ಮೂಗನ್ನು ತಬ್ಬಿಕೊಂಡರೆ ತಿರುಗಲಾರದು. ಆದರೆ ಓಡುವಾಗ ಮೂಗು ಎಷ್ಟು ಅಲ್ಲಾಡುತ್ತದೆ, ಎಲ್ಲಿ ಒತ್ತುತ್ತದೆ?

ಒಸಡಿಗೆ ಎಲ್ಲಿ ಒತ್ತುತ್ತದೆ ಅಂತ ನೋಡಲು ಸೆಟ್ಟಿನೊಳಗೆ ಮೆತ್ತನೆ ಮೇಣ ಹಚ್ಚಿ ಕಚ್ಚಿಸುತ್ತೇವೆ. ಹಾಗೇ ತಳಕ್ಕೂ ಮೂಗಿಗೂ ನಡುವೆ ಮೇಣದ ತೆಳು ಹಾಳೆ ಇಟ್ಟೆ. ಈ ಸಲ ನಾನೂ ಬರುತ್ತೇನೆ ಅಂದೆ. ಮಗಳು ನನ್ನನ್ನೇ ನೋಡಿದಳು. ಆಂಬುಲೆನ್ಸ್ ಕೆಲಸಕ್ಕೆ ಸೇರಿ ಐದು ವರ್ಷವಾಯಿತು, ಅವಳು ಓಡಿಸುವ ಗಾಡಿಯಲ್ಲಿ ನಾನು ಒಮ್ಮೆಯೂ ಕೂತಿಲ್ಲ.

ಕೂರುವುದಲ್ಲ ಅದು, ನೆಲಕ್ಕೆ ಇಳಿಯುವುದು. ಪಕ್ಕದಲ್ಲಿ ಹೋಗುವ ಬಸ್ಸಿನ ಚಕ್ರ ನನ್ನ ಕಿವಿಯ ಎತ್ತರಕ್ಕಿತ್ತು. ಮೊದಲ ತಿರುವಿನಲ್ಲಿ ಜೀವ ಬಾಯಿಗೆ ಬಂತು. ಆಮೇಲೆ ಅವಳ ಕೈ ನೋಡುತ್ತಾ ಕೂತೆ. ಅವಸರವೇ ಇಲ್ಲ. ಸಿಗ್ನಲ್ ಇನ್ನೂ ದೂರವಿದ್ದಾಗಲೇ ಕಾಲು ಹಗುರ ಮಾಡುತ್ತಾಳೆ. ಹಸಿರು ದೀಪವಿದ್ದರೂ ಎರಡೂ ಕಡೆ ನೋಡುತ್ತಾಳೆ, ಆಮೇಲೆ ಇನ್ನೊಮ್ಮೆ ಎಡಕ್ಕೆ.

“ಹಸಿರಿದೆಯಲ್ಲೇ, ಯಾಕೆ ನೋಡ್ತೀಯಾ?”

“ಹಸಿರು ನನಗೆ, ಅಮ್ಮ. ಆ ಕಡೆಯಿಂದ ಬರೋನಿಗೆ ಬುದ್ಧಿ ಇದೆ ಅಂತ ಯಾರು ಹೇಳಿದ್ರು?”

ಅರ ಹಿಡಿದಾಗ ನನ್ನ ಕೈಯೂ ಹೀಗೇ ಇರುತ್ತದೆ ಅಂತ ಯಾರೋ ಒಮ್ಮೆ ಹೇಳಿದ್ದರು. ಹೊರವರ್ತುಲ ರಸ್ತೆ ಬಂದಾಗ ಇನ್ನೂ ಸ್ವಲ್ಪ ಜೋರಾಗಿ ಓಡಿಸು ಅಂದೆ. ಮೇಣಕ್ಕೋಸ್ಕರ.

ಮನೆಗೆ ಬಂದು ಬಿಚ್ಚಿ ನೋಡಿದೆವು. ಮೇಲಿನ ಅಂಚಿನಲ್ಲಿ ಮೇಣ ಪೂರ್ತಿ ಹಿಂಡಿಹೋಗಿತ್ತು, ಕೆಳಗೆ ಮುಟ್ಟೇ ಇರಲಿಲ್ಲ. ಅಂದರೆ ಗಾಳಿಗೆ ಮೂಗು ಮೇಲೇಳುತ್ತದೆ! ನಿಂತಾಗ ಒಂದು ಆಕಾರ, ಓಡುವಾಗ ಇನ್ನೊಂದು. ನಾನು ಮಾತಾಡಿಸಿದ್ದರೆ ಮೊದಲೇ ಹೇಳಿಬಿಡುತ್ತಿತ್ತು ಅದು.

ಮಾರ್ಚ್ 22, ಭಾನುವಾರ

ಮೂರು ದಿನದಲ್ಲಿ ಏಳು ಸಲ ಕಾರಿನಲ್ಲಿ ಹೋಗಿ ಬಂದೆ. ಮೇಲಿನ ಅಂಚು ಉಜ್ಜಿದೆ. ಕೆಳಗೆ, ಒಸಡು ನೋಯುವವರ ಸೆಟ್ಟಿಗೆ ಹಾಕುವ ಮೆತ್ತನೆ ಪದರ ಹಾಕಿದೆ. ಮತ್ತೆ ಮೇಣ, ಮತ್ತೆ ರಸ್ತೆ. ಗುಂಡಿ ರಸ್ತೆ, ಉಬ್ಬು ರಸ್ತೆ, ಒಂದು ಸಲ ಮಳೆಯಲ್ಲಿ. ಬೋಲ್ಟ್ ಸಡಿಲವಾಗದ ಹಾಗೆ ಉಶ್ಶಣ್ಣ ಹಿಂದೆ ಇನ್ನೊಂದು ನಟ್ ಬಿಗಿದಿದ್ದಾನೆ. ಇವತ್ತು ಮೇಣ ಎಲ್ಲ ಕಡೆಯೂ ಒಂದೇ ಸಮ ಒತ್ತಿತ್ತು.

“ಇನ್ನು ಸಾಕಲ್ಲ?” ಅಂದಳು ಮಗಳು. ನಾಳೆಯೂ ಒಮ್ಮೆ ಹೋಗಿ ಬರೋಣ ಅಂದೆ. “ನಿಂಗೆ ಪ್ಲೇಟ್ ನೋಡ್ಬೇಕಾ, ಸುತ್ತಾಡ್ಬೇಕಾ?” ಅಂತ ಕಿಚಾಯಿಸಿದಳು. ದೊಡ್ಡವರ ಹತ್ತಿರ ಹೀಗಾ ಮಾತಾಡುವುದು?

ಮಾರ್ಚ್ 24, ಮಂಗಳವಾರ

ತಪಾಸಣೆ ಅಂಗಳದಲ್ಲಿ ಲಾರಿಗಳ ನಡುವೆ ನಮ್ಮ ಹಸಿರು ಕಾರು ಕಳೆದುಹೋಗಿತ್ತು. ಇನ್ಸ್‌ಪೆಕ್ಟರ್ ಗಂಟುಮೋರೆಯ ಮನುಷ್ಯ. ಪ್ಲೇಟಿನ ಮುಂದೆ ಮಂಡಿಯೂರಿ ಕೂತು ಬಗ್ಗಿ ನೋಡಿದ.

“ಇದೇನ್ರೀ ಗುಲಾಬಿ ಬಣ್ಣ?”

“ಒಸಡು” ಅಂದೆ. ಬಾಯಿತಪ್ಪಿ ಬಂದುಬಿಟ್ಟಿತು.

ಮಗಳು ನನ್ನ ಮೊಣಕೈ ಹಿಸುಕಿದಳು. ಅವನು ಬೆರಳಲ್ಲಿ ತಟ್ಟಿದ. ಒಂದು ಮೂಲೆ ಹಿಡಿದು ಎಳೆದ. ಆಮೇಲೆ ಕೈಚೀಲದಿಂದ ಕೈಗವಸು ತೆಗೆದು ಹಾಕಿಕೊಂಡು, ಎರಡೂ ಕೈಯಲ್ಲಿ ಪ್ಲೇಟ್ ಹಿಡಿದು, ಕಾಲು ಊರಿ ಜಗ್ಗಿದ. ಬಿಡಬೇಡ, ಬಿಡಬೇಡ ಅಂತ ಒಳಗೊಳಗೇ ಅನ್ನುತ್ತಿದ್ದೆ. ಕಾರೇ ಒಂದು ಚೂರು ಮುಂದಕ್ಕೆ ಬಾಗಿತು. ಪ್ಲೇಟ್ ಅಲ್ಲಾಡಲಿಲ್ಲ. ಬಲಕ್ಕೆ ತಿರುಗಿಸಿ ನೋಡಿದ, ಎಡಕ್ಕೆ ತಿರುಗಿಸಿ ನೋಡಿದ. ಎದ್ದು ಮಂಡಿ ಒರೆಸಿಕೊಂಡು ಕಾಗದಕ್ಕೆ ಸಹಿ ಹಾಕಿದ.

“ಯಾವ ಗ್ಯಾರೇಜಲ್ಲಿ ಮಾಡಿಸಿದ್ದು?”

“ನಮ್ಮಮ್ಮ ಮಾಡಿದ್ದು” ಅಂದಳು ಮಗಳು.

ಅವನು ನನ್ನ ಕಡೆ, ಪ್ಲೇಟಿನ ಕಡೆ, ಮತ್ತೆ ನನ್ನ ಕಡೆ ನೋಡಿ ಮುಂದಿನ ಲಾರಿಗೆ ಹೋದ.

ಕಾರಿನಲ್ಲಿ ಕೂತ ಮೇಲೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ಮೊದಲನೇ ಪ್ಲೇಟನ್ನು ನಾನು ಪರೀಕ್ಷೆ ಮಾಡಿರಲಿಲ್ಲ, ಹೂಂ ಅಂದದ್ದು ಸುಳ್ಳು, ಬೇಕಂತಲೇ ಬಿಟ್ಟಿದ್ದೆ, ನಿನ್ನ ಲೈಸೆನ್ಸ್ ಹೋಗಲಿ ಅನ್ನಿಸಿತ್ತು ಅಂದೆ. ಅಳು ಬಂತು. ಅವಳು ಕೀಲಿ ಹಾಕಿದ್ದವಳು ತಿರುಗಿಸಲಿಲ್ಲ.

“ಗೊತ್ತಿತ್ತು ಅಮ್ಮ.”

“ಏನು ಗೊತ್ತಿತ್ತು?”

“ನೀನು ನೋಡಿಲ್ಲ ಅಂತ. ನೀನು ಸುಳ್ಳು ಹೇಳಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ. ಯಾಕೆ ಅಂತಾನೂ ಗೊತ್ತಿತ್ತು.”

“ಗೊತ್ತಿದ್ದೂ ಮತ್ತೆ ನನ್ನ ಹತ್ರಾನೇ ಯಾಕೆ ತಂದೆ?”

ಅವಳು ಮುಂದಿನ ಗಾಜಿನಾಚೆ ನೋಡಿದಳು.

“ಇನ್ಯಾರ ಹತ್ರ ತಗೊಂಡು ಹೋಗ್ಲಿ?” ಅಂದಳು. ಆಮೇಲೆ ಕೀಲಿ ತಿರುಗಿಸಿದಳು.

ಮನೆ ಹತ್ತಿರ ಬಂದಾಗ, ನಿನ್ನ ಆಂಬುಲೆನ್ಸಿನ ಮುಂದಿನ ಪ್ಲೇಟ್ ಹೇಗೆ ಕೂರಿಸಿದ್ದಾರೆ ಅಂತ ಕೇಳಿದೆ. ನಾಲ್ಕು ಸ್ಕ್ರೂ ಅಂದಳು. ಅಷ್ಟು ದೊಡ್ಡ ಗಾಡಿಗೆ, ಅಷ್ಟು ಜೋರಾಗಿ ಓಡುವುದಕ್ಕೆ, ಬರೀ ನಾಲ್ಕು ಸ್ಕ್ರೂ? ಹಿಂದೆ ವಾಷರ್ ಇದೆಯಾ ಅಂದರೆ ಗೊತ್ತಿಲ್ಲ ಅಂತಾಳೆ. ನಾಳೆ ಅವಳಿಗೆ ಬೆಳಗಿನ ಪಾಳಿ. ಜೊತೆಗೆ ಹೋಗಿ, ಗಾಡಿ ಹೊರಡುವ ಮೊದಲು ಒಂದು ಸಲ ಅಲ್ಲಾಡಿಸಿ ನೋಡಿ ಬರುತ್ತೇನೆ.